ಏಜೆನ್ಸಿಗೆ ಹಣ ಕೊಡುವ ಮುನ್ನ: ದಾದಿಯರ ಕೆಲಸದ ಬಗ್ಗೆ ಕೆಲವು ಮಾತುಗಳು



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಅಡಿಕೆ, ತೆಂಗು, ಹಟ್ಟಿಯ ದನಗಳ ವಿಷಯ ಬರೆಯುತ್ತೇವೆ. ಈ ಬಾರಿ ಮನೆಯ ಮಕ್ಕಳ ವಿಷಯ ಬರೆಯುತ್ತಿದ್ದೇವೆ. ಆದರೆ ಇದರಲ್ಲಿಯೂ ತೋಟದ ಮಾತು ಬಂದೇ ಬರುತ್ತದೆ.

ಕೆಲವು ತಿಂಗಳ ಹಿಂದೆ ಒಂದು ಭಾನುವಾರ ಪೂಜೆ ಮುಗಿದ ಬಳಿಕ ಕೃಷಿಕರೊಬ್ಬರು ನಮ್ಮಲ್ಲಿಗೆ ಬಂದರು. ಮಗಳು ನರ್ಸಿಂಗ್ ಮುಗಿಸಿ ಮಂಗಳೂರಿನಲ್ಲಿ ಎರಡು ವರ್ಷ ಕೆಲಸ ಮಾಡಿದ್ದಾಳೆ. ಗಲ್ಫಿಗೆ ಕಳುಹಿಸಲು ಏಜೆನ್ಸಿಯವರು ಆರು ಲಕ್ಷ ರೂಪಾಯಿ ಕೇಳಿದ್ದಾರೆ. "ಫಾದರ್, ಕೆಳಗಿನ ತೋಟ ಅಡವಿಟ್ಟರೆ ಅಷ್ಟು ಸಿಗುತ್ತದೆ. ನಿಮ್ಮದೊಂದು ಗುಣನಡತೆಯ ಪತ್ರ ಬೇಕಿತ್ತು" ಎಂದರು. ಏಜೆನ್ಸಿಯ ನೋಂದಣಿ ಸಂಖ್ಯೆ ಯಾವುದು, ಕೊಡುವ ವೀಸಾ ಯಾವುದು, ಹಣಕ್ಕೆ ರಶೀದಿ ಉಂಟೋ ಎಂದು ಕೇಳಿದೆವು. ಮೂರಕ್ಕೂ ಅವರಲ್ಲಿ ಉತ್ತರವಿರಲಿಲ್ಲ. ಐವತ್ತು ಸಾವಿರ ಮುಂಗಡ ಮಾತ್ರ ಆಗಲೇ ಕೊಟ್ಟಾಗಿತ್ತು.

ನಾವು ಹೀಗೆ ಕೇಳಿದ್ದಕ್ಕೆ ಕಾರಣವಿದೆ. ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ ಇಂಥದ್ದೇ ಪತ್ರಕ್ಕೆ ಏನೂ ವಿಚಾರಿಸದೆ ಸಹಿ ಹಾಕಿ, ಆಶೀರ್ವದಿಸಿ ಕಳುಹಿಸಿದೆವು. ಆ ಹುಡುಗಿ ವಿಸಿಟ್ ವೀಸಾದಲ್ಲಿ ಹೋಗಿ, ದಾದಿಯ ಕೆಲಸ ಸಿಗದೆ ಮನೆಗೆಲಸಕ್ಕೆ ನಿಂತು, ಎಂಟು ತಿಂಗಳಲ್ಲಿ ಬರಿಗೈಯಲ್ಲಿ ಮರಳಿದಳು. ಸಾಲಕ್ಕಾಗಿ ಮನೆಯವರು ಬೈಲಿನ ಗದ್ದೆ ಮಾರಿದರು. ಅಂದು ನಾವು ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಇಂದು ನಿಮ್ಮೆಲ್ಲರ ಮುಂದಿಡುತ್ತಿದ್ದೇವೆ.

ಓದು ಮತ್ತು ನೋಂದಣಿ

ದಾದಿಯರ ತರಬೇತಿ ಮುಖ್ಯವಾಗಿ ಮೂರು ಬಗೆಯದು. ಎ.ಎನ್.ಎಂ. 2 ವರ್ಷ, ಜಿ.ಎನ್.ಎಂ. 3 ವರ್ಷ, ಬಿ.ಎಸ್ಸಿ. ನರ್ಸಿಂಗ್ 4 ವರ್ಷ. ಬಿ.ಎಸ್ಸಿ.ಗೆ ಪ್ಲಸ್ ಟುವಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಜಿ.ಎನ್.ಎಂ.ಗೆ ಕಲಾ ಅಥವಾ ವಾಣಿಜ್ಯ ವಿಭಾಗದವರೂ ಸೇರಬಹುದು. ಅವರು ಮುಂದೆ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿ ಪದವಿ ಪಡೆಯುವ ದಾರಿಯೂ ಇದೆ. ಗಂಡುಮಕ್ಕಳಿಗೂ ಈ ವೃತ್ತಿ ತೆರೆದಿದೆ.

ಕಾಸರಗೋಡಿನ ನಮ್ಮ ಮಕ್ಕಳಲ್ಲಿ ಅನೇಕರು ಮಂಗಳೂರಿನ ಕಡೆಗೆ ಓದಲು ಹೋಗುತ್ತಾರೆ. 1880ರಲ್ಲಿ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಬಡವರಿಗಾಗಿ ಔಷಧಾಲಯ ತೆರೆದಂದಿನಿಂದ ನಮ್ಮ ಹಿರಿಯರು ಕಾಯಿಲೆಗೂ ಅತ್ತಲೇ ಹೋದವರು. ಆದರೆ ಇಂದು ಕಾಲೇಜುಗಳು ಬಹಳವಾಗಿವೆ, ಸೀಟು ಕೊಡಿಸುವ ದಳ್ಳಾಳಿಗಳೂ ಬಹಳವಾಗಿದ್ದಾರೆ. ಅಡಿಕೆ ಸಸಿ ಕೊಳ್ಳುವಾಗ ನಾವು ಮಾರುವವನ ಮಾತು ಕೇಳಿ ಹಣ ಕೊಡುವುದಿಲ್ಲ, ತಾಯಿಮರ ಯಾವುದೆಂದು ವಿಚಾರಿಸುತ್ತೇವೆ. ಕಾಲೇಜಿನ ವಿಷಯದಲ್ಲಿಯೂ ಹಾಗೆಯೇ. ಆ ರಾಜ್ಯದ ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಇದೆಯೇ ಎಂದು ನೋಡಿರಿ. ಪದವಿಯಾದರೆ ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಕೇರಳದಲ್ಲಿ ಕೇರಳ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯ, ಇಲ್ಲವೇ ಮಾನ್ಯತೆಯಿರುವ ಡೀಮ್ಡ್ ವಿಶ್ವವಿದ್ಯಾಲಯ ಯಾವುದಕ್ಕೆ ಅದು ಸೇರಿದೆ ಎಂದು ಕೇಳಿರಿ. ರೋಗಿಗಳಿರುವ ಆಸ್ಪತ್ರೆ ಕಾಲೇಜಿಗೆ ಉಂಟೋ ಎಂದು ಕಣ್ಣಾರೆ ನೋಡಿಬನ್ನಿರಿ. ರೋಗಿಯನ್ನೇ ಕಾಣದೆ ಕಲಿತ ದಾದಿಗೆ ಮುಂದೆ ಕೆಲಸವೂ ಕಷ್ಟ, ರೋಗಿಗೂ ಅಪಾಯ.

ಶುಲ್ಕಕ್ಕೆ ಬಡ್ಡಿ ವ್ಯಾಪಾರಿಯ ಬಳಿ ಹೋಗಬೇಡಿರಿ. ಬ್ಯಾಂಕಿನ ಶಿಕ್ಷಣ ಸಾಲದಲ್ಲಿ 4 ಲಕ್ಷ ರೂಪಾಯಿಯವರೆಗೆ ಜಮೀನಿನ ಅಡಮಾನ ಕೇಳುವ ನಿಯಮವಿಲ್ಲ. ಓದು ಮುಗಿದ ಮೇಲೆ ಕೌನ್ಸಿಲಿನಲ್ಲಿ ನೋಂದಣಿ ಆಗಲೇಬೇಕು. ಕರ್ನಾಟಕದಲ್ಲಿ ಓದಿದವರು ಮೊದಲು ಅಲ್ಲಿ ನೋಂದಾಯಿಸಿ, ಆಮೇಲೆ ಕೇರಳದ ಕೌನ್ಸಿಲಿಗೆ ವರ್ಗಾಯಿಸಿಕೊಳ್ಳಬೇಕು. ಇದನ್ನು ಮುಂದೂಡಿದವರು ಕೆಲಸದ ಕರೆ ಬಂದಾಗ ಓಡಾಡುತ್ತಾರೆ.

ಊರಿನಲ್ಲಿರುವ ಕೆಲಸ

ವಿದೇಶವೊಂದೇ ದಾರಿಯೆಂದು ಭಾವಿಸಬಾರದು. ಕೇರಳ ಸರ್ಕಾರ 2018ರ ಏಪ್ರಿಲಿನಲ್ಲಿ ಖಾಸಗಿ ಆಸ್ಪತ್ರೆಯ ದಾದಿಯರಿಗೆ ತಿಂಗಳಿಗೆ 20,000 ರೂಪಾಯಿ ಕನಿಷ್ಠ ಮೂಲವೇತನ ನಿಗದಿ ಮಾಡಿತು. ಇದಕ್ಕಾಗಿ ದಾದಿಯರು ಬಹುಕಾಲ ಮುಷ್ಕರ ಹೂಡಬೇಕಾಯಿತು. ಸರ್ಕಾರಿ ಆಸ್ಪತ್ರೆಗಳ ಹುದ್ದೆ ಪಿ.ಎಸ್.ಸಿ. ಮೂಲಕ ತುಂಬುತ್ತದೆ. ಏಮ್ಸ್ ಮತ್ತಿತರ ಕೇಂದ್ರ ಸಂಸ್ಥೆಗಳ ನರ್ಸಿಂಗ್ ಆಫೀಸರ್ ಹುದ್ದೆಗೆ 2020ರಿಂದ ನಾರ್ಸೆಟ್ ಎಂಬ ಒಂದೇ ಪರೀಕ್ಷೆ ನಡೆಯುತ್ತಿದೆ. ಅಲ್ಲಿ ಮೂಲವೇತನವೇ 44,900 ರೂಪಾಯಿಯಿಂದ ಆರಂಭ. ಪಂಚಾಯತುಗಳ ಪಾಲಿಯೇಟಿವ್ ಆರೈಕೆಗೂ ದಾದಿಯರು ಬೇಕು. ಎಂಡೋಸಲ್ಫಾನ್ ಪೀಡಿತರಿರುವ ನಮ್ಮ ಜಿಲ್ಲೆಯಲ್ಲಿ ಮನೆಮನೆಗೆ ಹೋಗಿ ಹುಣ್ಣು ತೊಳೆದು ಬಟ್ಟೆ ಕಟ್ಟುವ ಆ ಸಹೋದರಿಯರ ಬೆಲೆ ನಿಮಗೆ ಗೊತ್ತಿದೆ. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗಲಾಗದೆ ನಮ್ಮವರು ಪಟ್ಟ ಪಾಡನ್ನೂ ಮರೆತಿಲ್ಲ. ಈ ಊರಿಗೂ ದಾದಿಯರು ಬೇಕು.

ಹೋಂ ನರ್ಸ್ ಏಜೆನ್ಸಿಗಳು

ಈಗ ಪೇಟೆಪೇಟೆಯಲ್ಲಿ ಹೋಂ ನರ್ಸ್ ಒದಗಿಸುವ ಏಜೆನ್ಸಿಗಳಿವೆ. ಹಾಸಿಗೆ ಹಿಡಿದ ವೃದ್ಧರನ್ನು ನೋಡಿಕೊಳ್ಳಲು ಇವರು ಕಳುಹಿಸುವ ಹೆಚ್ಚಿನವರು ಕೆಲವು ದಿನ ಅಥವಾ ಕೆಲವು ವಾರಗಳ ತರಬೇತಿ ಪಡೆದವರು, ನೋಂದಾಯಿತ ದಾದಿಯರಲ್ಲ. ಕೆಲಸ ಗೌರವದ್ದೇ. ಆದರೆ ಎರಡು ಮಾತು ತಿಳಿದಿರಲಿ. ಈ ಕೆಲಸ ವಿದೇಶಕ್ಕೆ ಬೇಕಾದ ಆಸ್ಪತ್ರೆಯ ಅನುಭವವೆಂದು ಲೆಕ್ಕಕ್ಕೆ ಬರುವುದಿಲ್ಲ. ಇಂಜೆಕ್ಷನ್ ಕೊಡುವುದು, ಡ್ರಿಪ್ ಹಾಕುವುದು ನೋಂದಣಿಯಿಲ್ಲದವರ ಕೆಲಸವೂ ಅಲ್ಲ. ಮನೆಯವರು ಒತ್ತಾಯಿಸಿದರೂ ಒಪ್ಪಬಾರದು.

ಸೇರುವ ಮುನ್ನ ಇಷ್ಟನ್ನು ಬರಹದಲ್ಲಿ ಪಡೆಯಿರಿ: ರೋಗಿಯ ಮನೆಯವರು ತಿಂಗಳಿಗೆ ಕೊಡುವುದೆಷ್ಟು, ಏಜೆನ್ಸಿ ಇಟ್ಟುಕೊಳ್ಳುವುದೆಷ್ಟು, ವಾರದ ರಜೆ ಯಾವಾಗ, ರಾತ್ರಿ ಮಲಗಲು ಬಾಗಿಲು ಹಾಕಬಹುದಾದ ಕೋಣೆ ಇದೆಯೇ. ಆಸ್ಪತ್ರೆಗೆ ಗುತ್ತಿಗೆಯಲ್ಲಿ ದಾದಿಯರನ್ನು ಒದಗಿಸುವ ಏಜೆನ್ಸಿಯಾದರೆ ಪಿ.ಎಫ್., ಇ.ಎಸ್.ಐ. ಇದೆಯೇ ಎಂದೂ ಕೇಳಬೇಕು. ಮೂಲ ಸರ್ಟಿಫಿಕೇಟುಗಳನ್ನು ಯಾರ ಕೈಯಲ್ಲಿಯೂ ಒತ್ತೆಯಿಡಬೇಡಿರಿ. ತೋರಿಸಿ, ನಕಲು ಕೊಟ್ಟು, ಮೂಲವನ್ನು ಮನೆಗೆ ತನ್ನಿರಿ.

ವಿದೇಶಕ್ಕೆ ಕಳುಹಿಸುವ ಏಜೆನ್ಸಿಗಳು

1983ರ ಎಮಿಗ್ರೇಷನ್ ಕಾಯ್ದೆಯಂತೆ ವಿದೇಶದ ಕೆಲಸಕ್ಕೆ ಜನರನ್ನು ನೇಮಿಸುವ ಏಜೆಂಟರು ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿರಬೇಕು. ಹೆಸರು, ನೋಂದಣಿ ಸಂಖ್ಯೆ ಇ-ಮೈಗ್ರೇಟ್ ಎಂಬ ಸರ್ಕಾರಿ ಜಾಲತಾಣದಲ್ಲಿ ಸಿಗುತ್ತವೆ. ಏಜೆಂಟರು ಪಡೆಯಬಹುದಾದ ಸೇವಾಶುಲ್ಕದ ಗರಿಷ್ಠ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ಒಟ್ಟು 35,400 ರೂಪಾಯಿ. ಅದಕ್ಕೂ ರಶೀದಿ ಕೊಡಬೇಕು. ಆರು ಲಕ್ಷ ಎಲ್ಲಿ, ಮೂವತ್ತೈದು ಸಾವಿರ ಎಲ್ಲಿ ಎಂದು ನೀವೇ ಲೆಕ್ಕ ಹಾಕಿರಿ.

ಇದು ಬರೀ ಹೆದರಿಕೆಯ ಮಾತಲ್ಲ. ಕುವೈತಿಗೆ ದಾದಿಯರನ್ನು ಕಳುಹಿಸುತ್ತಿದ್ದ ಕೊಚ್ಚಿಯ ಏಜೆನ್ಸಿಯೊಂದು ತಲಾ 19,500 ರೂಪಾಯಿ ಪಡೆಯಬೇಕಾದಲ್ಲಿ 19.5 ಲಕ್ಷ ಪಡೆಯಿತೆಂಬ ಆರೋಪದ ಮೇಲೆ 2015ರಲ್ಲಿ ಸಿ.ಬಿ.ಐ. ಮೊಕದ್ದಮೆ ಹೂಡಿತು. ಅದೇ ವರ್ಷ ಕೇಂದ್ರ ಸರ್ಕಾರ ಗಲ್ಫ್ ರಾಷ್ಟ್ರಗಳೂ ಸೇರಿ 18 ದೇಶಗಳಿಗೆ ಹೋಗುವ ದಾದಿಯರಿಗೆ ಎಮಿಗ್ರೇಷನ್ ಅನುಮತಿ ಕಡ್ಡಾಯ ಮಾಡಿ, ನೇಮಕವನ್ನು ಸರ್ಕಾರಿ ಸಂಸ್ಥೆಗಳಿಗೆ ವಹಿಸಿತು. ಅದಕ್ಕೂ ಮೊದಲು, 2014ರ ಜುಲೈಯಲ್ಲಿ, ಇರಾಕಿನ ಯುದ್ಧದ ನಡುವಿನಿಂದ 46 ದಾದಿಯರು ಕೊಚ್ಚಿಗೆ ಮರಳಿದ್ದು ನಿಮಗೆ ನೆನಪಿರಬಹುದು. ಅವರಲ್ಲಿ ಕೆಲವರು ಗುಂಡಿನ ಸದ್ದಿನ ನಡುವೆಯೂ ಊರಿಗೆ ಹೊರಡಲು ಹಿಂಜರಿದಿದ್ದರು. ಊರಿನಲ್ಲಿದ್ದ ಸಾಲವೇ ಅದಕ್ಕೆ ಕಾರಣ.

ಕೇರಳದಲ್ಲಿರುವ ನಮಗೆ ಒಂದು ಅನುಕೂಲವಿದೆ. ರಾಜ್ಯ ಸರ್ಕಾರದ ನೋರ್ಕಾ ರೂಟ್ಸ್ ಮತ್ತು ಒಡೆಪೆಕ್ ಎರಡೂ ದಾದಿಯರನ್ನು ವಿದೇಶಕ್ಕೆ ಕಳುಹಿಸುತ್ತವೆ. ಕಾಸರಗೋಡಿನಲ್ಲಿಯೂ ನೋರ್ಕಾದ ಜಿಲ್ಲಾ ಘಟಕವಿದೆ. ಜರ್ಮನಿಯ ಸರ್ಕಾರಿ ಉದ್ಯೋಗ ಸಂಸ್ಥೆಯೊಡನೆ ನೋರ್ಕಾ 2021ರಲ್ಲಿ ಮಾಡಿಕೊಂಡ ಟ್ರಿಪಲ್ ವಿನ್ ಒಪ್ಪಂದದಂತೆ ಆಯ್ಕೆಯಾದವರಿಗೆ ಜರ್ಮನ್ ಭಾಷೆಯನ್ನು ಉಚಿತವಾಗಿ ಕಲಿಸಲಾಗುತ್ತದೆ. ಬ್ರಿಟನ್ನಿನಲ್ಲಿ ಕೆಲಸ ಕೊಡಿಸುವುದಕ್ಕೆಂದು ಅಭ್ಯರ್ಥಿಯಿಂದ ಹಣ ಪಡೆಯುವುದೇ ಆ ದೇಶದ ಕಾನೂನಿಗೆ ವಿರುದ್ಧ. ಆದರೆ ಅಲ್ಲಿಗೆ ಐ.ಇ.ಎಲ್.ಟಿ.ಎಸ್. ಅಥವಾ ಒ.ಇ.ಟಿ. ಎಂಬ ಇಂಗ್ಲಿಷ್ ಪರೀಕ್ಷೆ ತೇರ್ಗಡೆಯಾಗಬೇಕು. ಗಲ್ಫಿಗೆ ಸರ್ಟಿಫಿಕೇಟುಗಳ ಪರಿಶೀಲನೆ ಮತ್ತು ಲೈಸೆನ್ಸ್ ಪರೀಕ್ಷೆ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳು ಇಂಗ್ಲಿಷಿಗೆ ಹೆದರಬೇಕಾಗಿಲ್ಲ. ಕೊನೆಯ ವರ್ಷದಲ್ಲಿ ಅವಸರಪಡುವ ಬದಲು ಮೊದಲ ವರ್ಷದಿಂದಲೇ ದಿನಕ್ಕೆ ಅರ್ಧ ಗಂಟೆ ಓದಿ, ಬರೆದು, ಮಾತಾಡಿ ಅಭ್ಯಾಸ ಮಾಡಲಿ.

ಸಹಿ ಹಾಕುವ ಮುನ್ನ

ಒಪ್ಪಂದ ಪತ್ರದಲ್ಲಿ ಆಸ್ಪತ್ರೆಯ ಹೆಸರು, ಹುದ್ದೆ, ಸಂಬಳ, ಕೆಲಸದ ಅವಧಿ, ರಜೆ, ವಸತಿ, ಮರಳುವ ಟಿಕೆಟ್ ಇವಿಷ್ಟೂ ಇರಬೇಕು. ಕೆಲಸದ ಮಧ್ಯೆ ಬಿಟ್ಟರೆ ಕಟ್ಟಬೇಕಾದ ದಂಡ ಎಷ್ಟೆಂದು ಎರಡು ಸಲ ಓದಿರಿ. ಹುದ್ದೆ ದಾದಿಯದೋ ಆರೈಕೆ ಸಹಾಯಕಿಯದೋ ಎಂದು ಸರಿಯಾಗಿ ನೋಡಿರಿ. "ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸೋಣ" ಎಂದರೆ ಅಲ್ಲಿಗೇ ಮಾತು ನಿಲ್ಲಿಸಿರಿ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿರಿ. ಮೋಸವಾದರೆ ನಾಚಿಕೆಯಿಂದ ಸುಮ್ಮನಿರದೆ ಪೊಲೀಸರಿಗೆ ಮತ್ತು ಎಮಿಗ್ರೇಷನ್ ರಕ್ಷಣಾಧಿಕಾರಿಗೆ ದೂರು ಕೊಡಿರಿ.

ಆರಂಭದಲ್ಲಿ ಹೇಳಿದ ಕೃಷಿಕರ ಮಗಳೊಡನೆ ಕುಳಿತು ಇ-ಮೈಗ್ರೇಟಿನಲ್ಲಿ ಹುಡುಕಿದೆವು. ಆ ಏಜೆನ್ಸಿಯ ಹೆಸರು ಅಲ್ಲಿರಲಿಲ್ಲ. ದೂರು ಕೊಟ್ಟಾಗಿದೆ, ಐವತ್ತು ಸಾವಿರ ಇನ್ನೂ ಮರಳಿಲ್ಲ. ತೋಟ ಮಾತ್ರ ಉಳಿದಿದೆ. ಮಗಳು ಈಗ ನೋರ್ಕಾದಲ್ಲಿ ಹೆಸರು ಕೊಟ್ಟು, ಇದ್ದ ಕೆಲಸ ಬಿಡದೆ ಇಂಗ್ಲಿಷ್ ಅಭ್ಯಾಸ ಮಾಡುತ್ತಿದ್ದಾಳೆ. ಅವಳಿಗೆ ಗುಣನಡತೆಯ ಪತ್ರವನ್ನು ನಾವು ಸಂತೋಷದಿಂದ ಬರೆದುಕೊಟ್ಟಿದ್ದೇವೆ.

ನಿಮ್ಮ ಮನೆಯಲ್ಲಿಯೂ ಇಂಥ ಕಾಗದಪತ್ರಗಳಿದ್ದರೆ ಸಹಿ ಹಾಕುವ ಮುನ್ನ ಒಮ್ಮೆ ತನ್ನಿರಿ. ಶನಿವಾರ ಸಂಜೆ ನಾವು ಇರುತ್ತೇವೆ. ವಿದೇಶದಲ್ಲಿ ದುಡಿದು ನಿವೃತ್ತರಾಗಿ ಬಂದ ನಮ್ಮದೇ ಧರ್ಮಕೇಂದ್ರದ ಇಬ್ಬರು ದಾದಿಯರೂ ಓದಿ ಹೇಳಲು ಒಪ್ಪಿದ್ದಾರೆ. ವಾಳೆಯ ಗುರಿಕಾರರು ಈ ವಿಷಯವನ್ನು ಮುಂದಿನ ಕೂಟದಲ್ಲಿ ಎಲ್ಲರಿಗೂ ತಿಳಿಸಬೇಕೆಂದು ವಿನಂತಿ.

ನಿಮ್ಮ ಧರ್ಮಗುರು