ಅಡಕೆಯ ನೆರಳಿನಲ್ಲಿ ಏಲಕ್ಕಿ

ಏಲಕ್ಕಿಯ ಇತಿಹಾಸವನ್ನು ಸಾಮಾನ್ಯವಾಗಿ ಬಂದರುಗಳಿಂದ ಆರಂಭಿಸುವುದು ರೂಢಿ. ಆದರೆ ಹಡಗನ್ನೇರುವ ಮೊದಲು ಅದು ಬೆಳೆದ ನೆಲಕ್ಕೂ ಒಂದು ಇತಿಹಾಸವುಂಟು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ತೋಟಗಳನ್ನು ಆಧಾರವಾಗಿಟ್ಟುಕೊಂಡು ಅದನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸಲಾಗಿದೆ.

ಶುಂಠಿಯ ಕುಟುಂಬಕ್ಕೆ ಸೇರಿದ ಏಲಕ್ಕಿಯು ಸಹ್ಯಾದ್ರಿಯ ನಿತ್ಯಹರಿದ್ವರ್ಣ ಕಾಡಿನಲ್ಲಿ ಹುಟ್ಟಿದ ಬಹುವಾರ್ಷಿಕ ಸಸ್ಯ. ನೆಲದೊಳಗಿನ ಗೆಡ್ಡೆಯಿಂದ ವರ್ಷವರ್ಷವೂ ಹೊಸ ದಂಟುಗಳೇಳುತ್ತವೆ. ಹೂಗೊಂಚಲು ಬುಡದಿಂದಲೇ ಹೊರಡುತ್ತದೆ. ನೇರವಾದ ಬಿಸಿಲಿಗೆ ಎಲೆ ಸುಡುತ್ತದೆ. ನೆರಳು ಅತಿಯಾದರೆ ಹೂವು ಕಡಮೆಯಾಗುತ್ತದೆ. ಬೇರುಗಳು ಮೇಲ್ಮಣ್ಣಿನಲ್ಲಿಯೇ ಹರಡುವುದರಿಂದ ತೇವವು ಸದಾ ಇರಬೇಕು, ನೀರು ಮಾತ್ರ ನಿಲ್ಲಬಾರದು. ಕಣಿವೆಯ ಅಡಕೆತೋಟವು ಇವೆಲ್ಲವನ್ನೂ ಒದಗಿಸುತ್ತದೆ: ಮರಗಳು ಬಿಸಿಲನ್ನು ಸೋಸುತ್ತವೆ, ಬಸಿಗಾಲುವೆಗಳು ಹೆಚ್ಚಿನ ನೀರನ್ನು ಸಾಗಿಸುತ್ತವೆ.

ಮಳೆಗಾಲದ ಆರಂಭದಲ್ಲಿ ಅಡಕೆಮರಗಳ ನಡುವೆ ಗುಂಡಿ ತೋಡಿ, ಸೊಪ್ಪಿನ ಗೊಬ್ಬರ ತುಂಬಿ, ಸಸಿಯನ್ನಾಗಲಿ ಬುಡದಿಂದ ಬಿಡಿಸಿದ ಕಂದನ್ನಾಗಲಿ ನೆಡಬೇಕು. ಗೆಡ್ಡೆಯನ್ನು ಆಳವಾಗಿ ಹೂಳಿದರೆ ಕೊಳೆಯುತ್ತದೆ. ಸುಮಾರು ಮೂರನೆಯ ವರ್ಷದಿಂದ ಫಸಲು ದೊರೆಯುತ್ತದೆ. ಕಂದುಗಳನ್ನು ಆರಿಸುವಾಗ ಎಚ್ಚರಿಕೆ ಅಗತ್ಯ. ಎಲೆಗಳಲ್ಲಿ ನರಗಳ ಗುಂಟ ತಿಳಿಹಸುರು ಗೆರೆಗಳನ್ನು ಮೂಡಿಸುವ ಕಟ್ಟೆರೋಗವು ಕಂದಿನ ಮೂಲಕವೂ ಸಸ್ಯಹೇನಿನ ಮೂಲಕವೂ ಹರಡುತ್ತದೆ. ಈ ವೈರಸ್ಸಿಗೆ ಔಷಧವಿಲ್ಲ. ರೋಗ ತಗುಲಿದ ಬುಡವನ್ನು ಕಿತ್ತು ನಾಶಪಡಿಸುವುದೇ ಉಪಾಯ.

1801ರಲ್ಲಿ ಈ ಪ್ರದೇಶದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅಡಕೆ, ವೀಳ್ಯ, ಮೆಣಸು, ಏಲಕ್ಕಿಗಳು ಕೂಡಿ ಬೆಳೆಯುವ ತೋಟಗಳನ್ನು ವರ್ಣಿಸಿದ್ದಾನೆ. ಇಂಥ ತೋಟವು ತನ್ನಷ್ಟಕ್ಕೆ ತಾನೇ ನಿಲ್ಲಲಾರದು. ಪಕ್ಕದ ಬೆಟ್ಟದಿಂದ ತಂದ ಸೊಪ್ಪು ಹಾಗೂ ದರಕು ಕೊಟ್ಟಿಗೆಯನ್ನು ಹಾದು ಗೊಬ್ಬರವಾಗಿ ತೋಟವನ್ನು ಸೇರಬೇಕು. 1862ರಲ್ಲಿ ಜಿಲ್ಲೆಯು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ತರುವಾಯ ಅರಣ್ಯದ ಕಟ್ಟುಪಾಡುಗಳು ಬಿಗಿಯಾದವು. ಆದರೂ ಈ ಅಗತ್ಯವನ್ನು ಸರಕಾರವು ಅಲ್ಲಗಳೆಯಲಾಗಲಿಲ್ಲ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನಬೆಟ್ಟವನ್ನು ಬಿಟ್ಟುಕೊಡುವ ಕ್ರಮವು ನೆಲೆಗೊಂಡಿತು. ನೆಲವು ಸರಕಾರದ್ದು, ಸೊಪ್ಪಿನ ಸೌಲಭ್ಯ ಮಾತ್ರ ತೋಟಿಗನದು.

ಹಕ್ಕಿನೊಡನೆ ಹೊಣೆಯೂ ಬಂದಿತೆಂಬುದನ್ನು ಮರೆಯಲಾಗದು. ಮಿತಿಮೀರಿ ಸವರಿದ ಬೆಟ್ಟವು ಬೋಳಾಗುತ್ತದೆ; ತೋಟಕ್ಕೆ ಸೊಪ್ಪು ಕಡಮೆಯಾದರೆ ಮೇಲ್ಮಣ್ಣನ್ನೇ ನಂಬಿದ ಏಲಕ್ಕಿಗೆ ಆ ಕೊರತೆ ಬೇಗನೆ ತಟ್ಟುತ್ತದೆ. ಅರಣ್ಯದ ಕಡತಗಳನ್ನು ಓದುವ ವಿದ್ಯಾರ್ಥಿಯು ಒಮ್ಮೆ ಈ ತೋಟಗಳಲ್ಲಿ ನಡೆದಾಡಿದರೆ, ಆ 9 ಎಕರೆಯ ಅರ್ಥವು ಏಲಕ್ಕಿಯ ಬುಡದಲ್ಲಿಯೇ ಗೋಚರವಾದೀತು.