ಹಿಂದಿನ ಸೀಟಿನ ಪರೀಕ್ಷೆ

ಬೆಂಗಳೂರಿನ ಹೊಸೂರು ರಸ್ತೆಯ ಬದಿಯ ಸೆಕೆಂಡ್ ಹ್ಯಾಂಡ್ ಕಾರುಗಳ ಅಂಗಳದಲ್ಲಿ ಬೆಳಗಿನ ಒಂಬತ್ತಕ್ಕೇ ಬಕೆಟ್ಟು, ಒದ್ದೆ ಬಟ್ಟೆಗಳ ಓಡಾಟ. ಹುಡುಗರಿಬ್ಬರು ಕುಕ್ಕರಗಾಲಲ್ಲಿ ಕೂತು ಟೈರುಗಳಿಗೆ ಪಾಲಿಶ್ ಬಳಿಯುತ್ತಿದ್ದಾರೆ. ಬೇಗ ಬಿಕರಿಯಾಗುವ ಸಣ್ಣ ಕಾರುಗಳು, ಎಸ್‌ಯುವಿಗಳು ರಸ್ತೆಗೆ ಮುಖ ಮಾಡಿ ನಿಂತಿವೆ. ಉದ್ದನೆಯ ಸೆಡಾನುಗಳಿಗೆ ಒಳಗಡೆ, ತಗಡಿನ ಚಪ್ಪರದಡಿ ಜಾಗ: ಬೂದುಬಣ್ಣದ ಸ್ಕೋಡಾ ಸುಪರ್ಬ್, ಬಿಳಿ ಟೊಯೊಟಾ ಕ್ಯಾಮ್ರಿ ಹೈಬ್ರಿಡ್, ದೆಹಲಿ ನಂಬರಿನ ಕಪ್ಪು ಮರ್ಸಿಡಿಸ್ ಇ-ಕ್ಲಾಸ್.

ತುಮಕೂರಿನಿಂದ ಅಡಿಕೆ ವ್ಯಾಪಾರಿಯೊಬ್ಬರು ತಾಯಿಯನ್ನೂ ನಂಬಿಕಸ್ಥ ಮೇಸ್ತ್ರಿಯನ್ನೂ ಕರೆದುಕೊಂಡು ಬಂದಿದ್ದಾರೆ. ತಾಯಿಗೆ ಮಂಡಿನೋವು. ಎಸ್‌ಯುವಿಗೆ ಕಾಲೆತ್ತಿ ಹತ್ತಲಾರರು. ಸಣ್ಣ ಕಾರಿನಲ್ಲಿ ಕಾಲು ಮಡಚಿ ಕೂರಲಾರರು. ತಿಂಗಳಿಗೊಮ್ಮೆ ಬೆಂಗಳೂರಿನ ಆಸ್ಪತ್ರೆ, ವರ್ಷಕ್ಕೊಮ್ಮೆ ಧರ್ಮಸ್ಥಳ. ಅವರಿಗೆ ಬೇಕಾದದ್ದು ಅಗಲವಾಗಿ ತೆರೆಯುವ ಹಿಂಬಾಗಿಲು ಮತ್ತು ಕಾಲು ಚಾಚುವಷ್ಟು ಜಾಗ.

ಇಂಥ ಉದ್ದನೆಯ ಸೆಡಾನುಗಳ ಬೆಲೆ ಇಳಿಯುವ ಪರಿ ನೋಡಿದರೆ ನನಗೆ ಸಂಕಟವಾಗುತ್ತದೆ. 2019ರ ಜನವರಿಯಲ್ಲಿ ಈ ತಲೆಮಾರಿನ ಕ್ಯಾಮ್ರಿ ಮಾರುಕಟ್ಟೆಗೆ ಬಂದಾಗ ಎಕ್ಸ್-ಶೋರೂಂ ಬೆಲೆಯೇ 36.95 ಲಕ್ಷ ರೂಪಾಯಿ ಇತ್ತು. ಈಗ ಜನರ ಕಣ್ಣು ಎತ್ತರದ ಗಾಡಿಗಳ ಮೇಲೆ. ಜೊತೆಗೆ ದುಬಾರಿ ಬಿಡಿಭಾಗಗಳ ಭಯ. ಆ ಭಯ ಸುಳ್ಳಲ್ಲ. ಗಾಡಿ ಹಳತಾದರೆ ಅದರ ಬೆಲೆ ಇಳಿಯುತ್ತದೆ, ಅದರ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಸೌಲಭ್ಯ ಎಷ್ಟಿವೆ ಎಂದು ಎಣಿಸುವವರು ಸೋಲುವುದು ಇಲ್ಲೇ.

ಮೇಸ್ತ್ರಿ ಬಾನೆಟ್ ಎತ್ತಲಿಲ್ಲ. ನೇರವಾಗಿ ಎಡ ಹಿಂಬಾಗಿಲಿಗೆ ಹೋದರು. ನಮ್ಮಲ್ಲಿ ಈ ಗಾಡಿಗಳನ್ನು ಓಡಿಸುವುದು ಡ್ರೈವರ್, ಅನುಭವಿಸುವುದು ಹಿಂದೆ ಎಡಗಡೆ ಕೂತ ಯಜಮಾನರು. ಹಾಗಾಗಿ ಸವೆತವೂ ಮೊದಲು ಅಲ್ಲೇ ಕಾಣುವುದು: ಲೆದರಿನ ನೆರಿಗೆ, ಒತ್ತಿ ಒತ್ತಿ ಮಾಸಿದ ಗುಂಡಿಗಳು.

ಸುಪರ್ಬ್‌ನ ಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಮೇಸ್ತ್ರಿ ಸೀಟ್ ಬೆಲ್ಟನ್ನು ನಿಧಾನವಾಗಿ ಎಳೆಯುತ್ತಾ ಹೋದರು. ಸಾಮಾನ್ಯವಾಗಿ ಯಾರೂ ಎಳೆಯದ ಕೊನೆಯ ಗೇಣಿನಲ್ಲಿ ಕಂದು ಗೆರೆಯೊಂದು ಅಡ್ಡವಾಗಿ ಮೂಡಿತ್ತು. ಉಗುರಿನಿಂದ ಕೆರೆದರೆ ಪುಡಿ ಉದುರಿತು. ಒಣಗಿದ ಕೆಸರು. ಡಿಕ್ಕಿಯ ಹಾಸು ಎತ್ತಿದರು. ಸ್ಟೆಪ್ನಿಯ ಗುಂಡಿಯಲ್ಲಿ ಜಾಕಿನ ತಿರುಪು ತುಕ್ಕು ಹಿಡಿದಿತ್ತು. "ಎಲ್ಲಿ ಮುಳುಗಿತ್ತು ಸರ್ ಇದು?" ಎಂದರು. ಅಂಗಳದವನು ಉತ್ತರ ಕೊಡಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರಿನ ಕಡೆ ಬಂಗಲೆಗಳ ಮುಂದೆ ಕೋಟಿ ಬೆಲೆಯ ಕಾರುಗಳೇ ನೀರಲ್ಲಿ ನಿಂತದ್ದನ್ನು ಇಡೀ ಊರು ನೋಡಿದೆ. ಐಷಾರಾಮಿ ಕಾರಿಗೆ ನೀರು ನುಗ್ಗಿದರೆ ಇಂಜಿನ್ನಿನಷ್ಟೇ ನೆಲಹಾಸಿನಡಿಯ ವೈರುಗಳ ಚಿಂತೆ. ಸೀಟು ಸರಿಸುವ, ಪರದೆ ಎಳೆಯುವ, ಗಾಳಿ ತಂಪಾಗಿಸುವ ಒಂದೊಂದಕ್ಕೂ ಅಲ್ಲೊಂದು ಕನೆಕ್ಟರ್ ಇರುತ್ತದೆ. ಕಿಲುಬು ಕಟ್ಟಿ ಅವು ಕೈಕೊಡುವುದು ಎಷ್ಟೋ ತಿಂಗಳ ಮೇಲೆ, ಆ ಹೊತ್ತಿಗೆ ಗಾಡಿ ಹೊಸ ಯಜಮಾನನ ಮನೆ ಸೇರಿರುತ್ತದೆ. ಇದನ್ನು ಮುಚ್ಚಿಟ್ಟು ಮಾರುವುದು ಮೋಸ, ಬೇರೆ ಹೆಸರಿಲ್ಲ.

ಮರ್ಸಿಡಿಸ್ ಹತ್ತಿರ ಹೆಚ್ಚು ಹೊತ್ತು ನಿಲ್ಲಲಿಲ್ಲ. ದೆಹಲಿಯ ಡೀಸೆಲ್ ಗಾಡಿ. ಅಲ್ಲಿ ಹತ್ತು ವರ್ಷದ ಡೀಸೆಲ್ ಕಾರುಗಳಿಗೆ ಬಿದ್ದ ನಿರ್ಬಂಧದಿಂದಾಗಿ ಇಂಥವು ಅಗ್ಗವಾಗಿ ದಕ್ಷಿಣಕ್ಕೆ ಬಂದಿವೆ. ಎನ್‌ಒಸಿ, ಮರುನೋಂದಣಿ, ಕರ್ನಾಟಕದ ಜೀವಿತಾವಧಿ ತೆರಿಗೆ ಎಲ್ಲ ಕೂಡಿಸಿದರೆ ಆ ಅಗ್ಗ ಉಳಿಯುವುದಿಲ್ಲ.

ಉಳಿದದ್ದು ಬಿಡದಿಯಲ್ಲಿ ಜೋಡಣೆಯಾದ ಕ್ಯಾಮ್ರಿ. ಬೆಲ್ಟ್ ಕೊನೆಯವರೆಗೂ ಶುಭ್ರವಾಗಿತ್ತು. ಬಣ್ಣದ ದಪ್ಪ ಅಳೆಯುವ ಮೀಟರ್ ಬಾನೆಟ್ ಮೇಲೆ 110 ಮೈಕ್ರಾನ್ ತೋರಿಸಿತು. ಬಲ ಮುಂಬಾಗಿಲ ಮೇಲೆ 240. "ಒಂದ್ಸಲ ಪೇಂಟ್ ಬಿದ್ದಿದೆ, ಪುಟ್ಟಿ ಮೆತ್ತಿಲ್ಲ" ಎಂದರು ಮೇಸ್ತ್ರಿ. ಟೈರಿನ ಮೇಲೆ 1619 ಎಂಬ ಅಚ್ಚು: 2019ರ ಹದಿನಾರನೇ ವಾರದ್ದು. ಪಾಲಿಶ್ ಎಷ್ಟು ಬಳಿದರೂ ವಯಸ್ಸು ಅಲ್ಲಿ ಬರೆದಿರುತ್ತದೆ. ನಾಲ್ಕು ಹೊಸ ಟೈರಿನ ದುಡ್ಡು ಲೆಕ್ಕಕ್ಕೆ ಸೇರಿತು. ಬ್ಯಾಟರಿಗೆ ತಂಪು ಗಾಳಿ ಹೋಗುವ, ಹಿಂದಿನ ಸೀಟಿನ ಬಳಿಯ ಕಿಂಡಿಗೆ ಟಾರ್ಚ್ ಬಿಟ್ಟು ನೋಡಿದರು. ಒಳಗೆ ಧೂಳು ಕಟ್ಟಿದರೆ ಹೈಬ್ರಿಡ್ ಬ್ಯಾಟರಿ ಬಿಸಿಯೇರಿ ಸೊರಗುತ್ತದೆ.

"ಅಮ್ಮಾ, ಈಗ ನೀವು ಕೂತ್ಕೊಳ್ಳಿ."

ತಾಯಿ ಮೊದಲು ಸೀಟಿನ ಅಂಚಿಗೆ ಕೂತು, ಆಮೇಲೆ ಒಂದೊಂದೇ ಕಾಲನ್ನು ಒಳಗೆ ತಂದುಕೊಂಡರು. ಯಾರ ಕೈಯನ್ನೂ ಹಿಡಿಯಲಿಲ್ಲ. ನಡುವಿನ ಕೈಯೊರಗು ಇಳಿಸಿ ಮೇಸ್ತ್ರಿ ಗುಂಡಿಗಳನ್ನು ತೋರಿಸಿದರು. ಸೀಟಿನ ಬೆನ್ನು ಹಿಂದಕ್ಕೆ ವಾಲಿತು, ಹಿಂಗಾಜಿನ ಪರದೆ ಏರಿತು. ಎರಡನೇ ಸಲ ಒತ್ತಿದಾಗಲೂ ಎರಡೂ ತಡವರಿಸಲಿಲ್ಲ.

ಗಾಡಿ ಪಕ್ಕದ ಬೀದಿಗಿಳಿಯಿತು. ನಿಧಾನಕ್ಕೆ ಹೋಗುವಾಗ ಇಂಜಿನ್ ನಿಂತು ಬ್ಯಾಟರಿಯಲ್ಲೇ ಸಾಗುತ್ತಿದ್ದರಿಂದ ಒಳಗೆ ಸದ್ದೇ ಇಲ್ಲ. ರಸ್ತೆಯುಬ್ಬು ದಾಟುತ್ತಿದ್ದಂತೆ ತಾಯಿ, "ನನ್ ಕೆಳಗೆ ಏನೋ ಕಟಕಟ ಅಂತೈತಲ್ಲಪ್ಪಾ" ಎಂದರು. ಮುಂದೆ ಕೂತಿದ್ದ ಮಗನಿಗಾಗಲಿ ಅಂಗಳದವನಿಗಾಗಲಿ ಕೇಳಿಸಿರಲಿಲ್ಲ. ಮೇಸ್ತ್ರಿ ಅದೇ ಉಬ್ಬನ್ನು ಮತ್ತೆ ದಾಟಿಸಿದರು. ಕಟಕಟ. ಹತ್ತಿರದ ಗ್ಯಾರೇಜಿನಲ್ಲಿ ಗಾಡಿಯನ್ನು ಲಿಫ್ಟಿಗೇರಿಸಿದಾಗ ಎಡ ಹಿಂಚಕ್ರದ ಲಿಂಕ್ ರಾಡಿನ ರಬ್ಬರು ಹರಿದದ್ದು ಕಂಡಿತು.

"ಇದು ಸಣ್ಣ ಕೆಲಸ. ಆದ್ರೆ ರೇಟಲ್ಲಿ ಮಾತಾಡ್ಬಹುದು" ಎಂದರು ಮೇಸ್ತ್ರಿ.

ಚೌಕಾಸಿ ಮಧ್ಯಾಹ್ನದವರೆಗೂ ಎಳೆಯಿತು. ಟೋಕನ್ ಕೊಡುವ ಮುಂಚೆ ವ್ಯಾಪಾರಿ ಎರಡು ಷರತ್ತು ಹಾಕಿದರು: ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಹೈಬ್ರಿಡ್ ಬ್ಯಾಟರಿಯ ತಪಾಸಣೆ ಆಗಬೇಕು, ಆರ್‌ಸಿಯಲ್ಲಿ ಇನ್ನೂ ಉಳಿದಿರುವ ಬ್ಯಾಂಕಿನ ಹೆಸರು ತೆಗೆಸಿಕೊಡಬೇಕು. ಬ್ಯಾಟರಿಯ ಮಾತಿಗೆ ಅಂಗಳದವನು ಕೂಡಲೇ ಒಪ್ಪಿದ. ಬ್ಯಾಂಕಿನದಕ್ಕೆ ಸೋಮವಾರದವರೆಗೆ ಸಮಯ ಕೇಳಿದ. "ಹಂಗಾದ್ರೆ ಟೋಕನ್ನೂ ಸೋಮವಾರವೇ" ಎಂದರು ತಾಯಿ.