ಲೆಕ್ಕದ ಒಗಟು ಮತ್ತು ಪ್ರೌಢಶಾಲೆಯ ಮಕ್ಕಳು: ಸಂಕೇಶ್ವರ ಪರಿಸರದ ಬಾಯಿಲೆಕ್ಕದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಕರ್ನಾಟಕದ ಜಾನಪದ ಅಧ್ಯಯನವು ಹಾಡು, ಕಥೆ, ಗಾದೆ, ಕುಣಿತ ಹಾಗೂ ಆಚರಣೆಗಳ ಸಂಗ್ರಹದಲ್ಲಿ ಮಾಡಿರುವ ಕೆಲಸ ದೊಡ್ಡದು. ಜನಪದ ವೈದ್ಯ, ಜನಪದ ಕೃಷಿಗಳೂ ಕ್ರಮೇಣ ಅದರ ಕಕ್ಷೆಗೆ ಬಂದಿವೆ. ಆದರೆ ಜನಸಾಮಾನ್ಯರ ಲೆಕ್ಕದ ತಿಳಿವಳಿಕೆಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಲೆಕ್ಕದ ಒಗಟುಗಳನ್ನು ಸಂಗ್ರಹಿಸುವಾಗಲೂ ಒಗಟು ಮತ್ತು ಅದರ ಉತ್ತರವನ್ನು ದಾಖಲಿಸಿ, ಆ ಉತ್ತರವನ್ನು ವಕ್ತೃ ಯಾವ ದಾರಿಯಿಂದ ತಲುಪಿದ ಎಂಬುದನ್ನು ಕೇಳದೆ ಬಿಟ್ಟಿರುವುದೇ ಹೆಚ್ಚು. ಈ ದಾರಿಗೂ ಇಂದಿನ ಪ್ರೌಢಶಾಲೆಯ ವಿದ್ಯಾರ್ಥಿ ಗಣಿತದ ಸಮಸ್ಯೆಯನ್ನು ಎದುರಿಸುವ ರೀತಿಗೂ ಇರುವ ಸಂಬಂಧವನ್ನು ಸಂಕೇಶ್ವರ ಪರಿಸರದ ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರಿಸರ ಮತ್ತು ಎಣಿಕೆಯ ಪರಂಪರೆ

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿಗೆ ಸೇರಿದ ಸಂಕೇಶ್ವರವು ಹಿರಣ್ಯಕೇಶಿ ನದಿಯ ದಂಡೆಯಲ್ಲಿರುವ ಪಟ್ಟಣ. ಮೆಣಸಿನಕಾಯಿಯ ವ್ಯಾಪಾರ, ಕಬ್ಬಿನ ಬೆಳೆ ಮತ್ತು ಸಕ್ಕರೆ ಕಾರ್ಖಾನೆ ಈ ಸೀಮೆಯ ಬದುಕಿಗೆ ಆಧಾರವಾಗಿವೆ. ಮಹಾರಾಷ್ಟ್ರದ ಗಡಿ ಹತ್ತಿರವಿರುವುದರಿಂದಲೂ, 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಭಾಗವು ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದುದರಿಂದಲೂ ಇಲ್ಲಿಯ ಎಣಿಕೆಯ ಮಾತಿನಲ್ಲಿ ಕನ್ನಡ ಮರಾಠಿಗಳು ಬೆರೆತಿವೆ. ಒಂದೂಕಾಲು ಎನ್ನುವಲ್ಲಿ ಸವಾ, ಒಂದೂವರೆಗೆ ದೀಡ, ಎರಡೂವರೆಗೆ ಅಡೀಚ ಎಂಬ ಮಾತುಗಳು ಸಂತೆಯಲ್ಲಿ ಸಹಜವಾಗಿ ಕೇಳಿಬರುತ್ತವೆ. ಹಳೆಯ ಶಾಲೆಗಳಲ್ಲಿ ಮಕ್ಕಳು ಪೂರ್ಣಾಂಕಗಳ ಮಗ್ಗಿಯ ಜೊತೆಗೆ ಪಾವಕಿ, ನಿಮಕಿ, ಸವಾಯಕಿ, ದೀಡಕಿಗಳನ್ನೂ ಬಾಯಿಪಾಠ ಮಾಡುತ್ತಿದ್ದರು. ಇವು ಕ್ರಮವಾಗಿ ಕಾಲು, ಅರ್ಧ, ಒಂದೂಕಾಲು ಮತ್ತು ಒಂದೂವರೆಯ ಮಗ್ಗಿಗಳು. 16 ಆಣೆಗೆ ಒಂದು ರೂಪಾಯಿ ಎಂಬ ವ್ಯವಹಾರದಲ್ಲಿ ಅರ್ಧ, ಕಾಲು, ಅರೆಕಾಲುಗಳಿಲ್ಲದೆ ದಿನ ಸಾಗುತ್ತಿರಲಿಲ್ಲ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯವೂ, ಮರುವರ್ಷದಿಂದ ಹಂತಹಂತವಾಗಿ ಮೆಟ್ರಿಕ್ ತೂಕ ಅಳತೆಗಳೂ ಬಂದ ಮೇಲೆ ಈ ಮಗ್ಗಿಗಳು ಶಾಲೆಯಿಂದ ಹೊರಬಿದ್ದವು. ಆದರೆ ಸಂತೆಯಿಂದ ಹೊರಬೀಳಲಿಲ್ಲ.

ಒಂದು ಸರಳ ನಿದರ್ಶನವನ್ನು ಗಮನಿಸಬಹುದು. ಕಿಲೋಗೆ 180 ರೂಪಾಯಿಯಂತೆ ಸವಾ ಎರಡು ಕಿಲೋ ಮೆಣಸಿನಕಾಯಿಗೆ ಎಷ್ಟಾಗುತ್ತದೆ ಎಂದು ತಾಯಿಯೊಂದಿಗೆ ಸಂತೆಯಲ್ಲಿ ಕುಳಿತ ಹುಡುಗನನ್ನು ಕೇಳಿದರೆ, ಎರಡು ಕಿಲೋಗೆ 360, ಪಾವ್ ಕಿಲೋಗೆ 45, ಒಟ್ಟು 405 ಎಂದು ತಡವಿಲ್ಲದೆ ಹೇಳುತ್ತಾನೆ. ಅದೇ ಹುಡುಗ ಪಾಟಿಯ ಮೇಲೆ 180ನ್ನು 2.25ರಿಂದ ಗುಣಿಸುವಾಗ ದಶಮಾಂಶದ ಚುಕ್ಕೆಯನ್ನು ತಪ್ಪಾಗಿ ಇಟ್ಟು 4050 ಎಂದೋ 40.5 ಎಂದೋ ಬರೆದು, ಅದರ ಬಗ್ಗೆ ಅನುಮಾನವನ್ನೇ ಪಡದೆ ಮುಂದೆ ಹೋಗುವುದುಂಟು. ಸಂತೆಯಲ್ಲಿ ಯಾರಾದರೂ ಎರಡು ಕಿಲೋ ಚಿಲ್ಲರೆ ಮೆಣಸಿನಕಾಯಿಗೆ 40 ರೂಪಾಯಿ ಕೊಡಲು ಬಂದಿದ್ದರೆ ಆತ ನಕ್ಕುಬಿಡುತ್ತಿದ್ದ.

ಹೊಲದ ಅಳತೆಯಲ್ಲಿಯೂ ಇದೇ ಕಥೆ. ಒಂದು ಎಕರೆ 30 ಗುಂಟೆಗೆ ಎರಡು ಎಕರೆ 25 ಗುಂಟೆ ಸೇರಿದರೆ ಎಷ್ಟು ಎಂಬ ಪ್ರಶ್ನೆಗೆ 1.30 ಮತ್ತು 2.25ನ್ನು ಕೂಡಿ 3.55 ಎಂದು ಬರೆಯುವ ವಿದ್ಯಾರ್ಥಿಗಳಿದ್ದಾರೆ. ಮನೆಯಲ್ಲಿ ಉತಾರ ಹಿಡಿದು ಕುಳಿತ ಅಜ್ಜನಾದರೋ 55 ಗುಂಟೆಯಲ್ಲಿ 40 ಗುಂಟೆಗೆ ಒಂದು ಎಕರೆ ತೆಗೆದು, ನಾಲ್ಕು ಎಕರೆ 15 ಗುಂಟೆ ಎನ್ನುತ್ತಾನೆ. ವಿದ್ಯಾರ್ಥಿಗೆ ಕೂಡಿಸುವ ವಿಧಾನ ಗೊತ್ತಿದೆ. ತಾನು ಕೂಡಿಸುತ್ತಿರುವುದು ಏನನ್ನು ಎಂಬುದರ ಕಡೆಗೆ ಅವನ ಗಮನವಿಲ್ಲ.

ಹಕ್ಕಿಗಳ ಒಗಟು: ನಾಲ್ಕು ದಾರಿಗಳು

ಒಗಟಿಗೆ ಈ ಸೀಮೆಯಲ್ಲಿ ಒಡಪು ಎಂಬ ಹೆಸರೂ ಇದೆ. ಭಾರತದ ಅನೇಕ ಭಾಷೆಗಳಲ್ಲಿ ಪಾಠಾಂತರಗಳುಳ್ಳ ಲೆಕ್ಕದ ಒಗಟೊಂದರ ಸಾರಾಂಶ ಹೀಗಿದೆ: ಮರದ ಮೇಲೆ ಕುಳಿತ ಹಕ್ಕಿಯೊಂದು ಹಾರಿಹೋಗುತ್ತಿದ್ದ ಹಿಂಡನ್ನು ಕಂಡು ನೀವು ನೂರು ಮಂದಿಯೇ ಎಂದು ಕೇಳುತ್ತದೆ. ಅಲ್ಲ, ನಾವಿರುವಷ್ಟೇ ಇನ್ನೊಮ್ಮೆ ಸೇರಿ, ನಮ್ಮ ಅರ್ಧ ಸೇರಿ, ನಮ್ಮ ಕಾಲು ಭಾಗ ಸೇರಿ, ಜೊತೆಗೆ ನೀನೂ ಬಂದರೆ ನೂರಾಗುತ್ತೇವೆ ಎಂದು ಹಿಂಡು ಉತ್ತರಿಸುತ್ತದೆ. ಹಾಗಾದರೆ ಹಿಂಡಿನಲ್ಲಿದ್ದ ಹಕ್ಕಿಗಳೆಷ್ಟು?

ಈ ಒಗಟನ್ನು ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳ ಮುಂದೆ ಇಟ್ಟಾಗ ಅವರು ಹಿಡಿಯುವ ದಾರಿಗಳನ್ನು ಸ್ಥೂಲವಾಗಿ ಮೂರಾಗಿ ವಿಂಗಡಿಸಬಹುದು. ಮೊದಲನೆಯದು, ಕಣ್ಣಿಗೆ ಬಿದ್ದ ಅಂಕಿಗಳನ್ನು ಹಿಡಿದು ಏನಾದರೊಂದು ಮಾಡುವುದು. ನೂರನ್ನು ಎರಡರಿಂದ ಭಾಗಿಸುವುದು, ಅದನ್ನು ಮತ್ತೆ ನಾಲ್ಕರಿಂದ ಭಾಗಿಸುವುದು, ಕೊನೆಗೆ ಒಂದನ್ನು ಕಳೆಯುವುದು. ಎರಡನೆಯದು, ಪಠ್ಯಪುಸ್ತಕದ ಕ್ರಮ. ಹಕ್ಕಿಗಳ ಸಂಖ್ಯೆಯನ್ನು ಎಕ್ಸ್ ಎಂದಿಟ್ಟುಕೊಂಡು ಸಮೀಕರಣ ಬರೆಯುವುದು. ಈ ಕ್ರಮದಲ್ಲಿ ಎಡವುವವರು ಸಾಮಾನ್ಯವಾಗಿ ಎಕ್ಸ್‌ನ ಅರ್ಧ ಎಂದು ಬರೆಯಬೇಕಾದಲ್ಲಿ ಬರಿಯ ಅರ್ಧವನ್ನು ಬರೆಯುತ್ತಾರೆ. ಹಿಂಡಿನ ಅರ್ಧಕ್ಕೂ ಒಂದು ಹಕ್ಕಿಯ ಅರ್ಧಕ್ಕೂ ಇರುವ ಅಂತರ ಆ ಕ್ಷಣ ಅವರ ಕಣ್ಣ ಮುಂದೆ ಇರುವುದಿಲ್ಲ. ಮೂರನೆಯದು, ಊಹಿಸಿ ತಾಳೆ ನೋಡುವುದು. 40 ಹಕ್ಕಿಗಳೆಂದರೆ 40, 40, 20, 10, 1 ಸೇರಿ 111 ಆಗುತ್ತದೆ, ಹೆಚ್ಚಾಯಿತು. 32 ಎಂದರೆ 89, ಕಡಿಮೆಯಾಯಿತು. 36 ಎಂದರೆ ಸರಿಯಾಗಿ ನೂರು. ಕಾಲು ಭಾಗ ಬರಬೇಕಾದರೆ ಸಂಖ್ಯೆಯನ್ನು ನಾಲ್ಕರಿಂದ ಭಾಗಿಸುವಂತಿರಬೇಕು ಎಂಬುದನ್ನು ಈ ಮಕ್ಕಳು ಯಾರೂ ಹೇಳಿಕೊಡದೆ ಕಂಡುಕೊಳ್ಳುತ್ತಾರೆ.

ಹಿರಿಯರ ದಾರಿ ನಾಲ್ಕನೆಯದು. ಶಾಲೆಯ ಮುಖ ಕಾಣದ ಹಿರಿಯ ಮಹಿಳೆಯೊಬ್ಬರು ಮೊಮ್ಮಗನಿಗೆ ಹೇಳಿದ ಕ್ರಮ ಹೀಗಿತ್ತು: "ತಮ್ಮಾ, ಮೊದಲ ಆ ಒಂದ ಹಕ್ಕಿ ತಗದ ಇಡು. ಉಳದದ್ದು ತೊಂಬತ್ತೊಂಬತ್ತು. ಈಗ ಹಿಂಡಿನ್ಯಾಗ ನಾಕ ಹಕ್ಕಿ ಅದಾವಂತ ತಿಳಿ. ನಾಕು, ಮತ್ತ ನಾಕು, ಎಡ್ಡು, ಒಂದು. ಹನ್ನೊಂದಾತು. ತೊಂಬತ್ತೊಂಬತ್ತರಾಗ ಹನ್ನೊಂದು ಎಷ್ಟ ಸಲ ಅದಾವ ನೋಡು." ಒಂಬತ್ತು ಸಲ. ಒಂಬತ್ತು ನಾಲ್ಕಲೆ ಮೂವತ್ತಾರು.

ಈ ಕ್ರಮವು ಕೇವಲ ಜಾಣತನದ ಊಹೆಯಲ್ಲ. ಉತ್ತರವನ್ನು ಒಂದು ಅನುಕೂಲವಾದ ಸಂಖ್ಯೆಯೆಂದು ಭಾವಿಸಿ, ಅದರ ಫಲವನ್ನು ಕೊಟ್ಟ ಫಲದೊಂದಿಗೆ ಹೋಲಿಸಿ, ಅದೇ ಪ್ರಮಾಣದಲ್ಲಿ ಏರಿಸುವ ಈ ವಿಧಾನಕ್ಕೆ ಭಾಸ್ಕರಾಚಾರ್ಯನು 1150ರ ಲೀಲಾವತಿಯಲ್ಲಿ ಇಷ್ಟಕರ್ಮವೆಂದು ಹೆಸರಿಟ್ಟಿದ್ದಾನೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿಯೂ ಹಿಂಡಿನ ಇಷ್ಟು ಭಾಗ ಇಲ್ಲಿ, ಇಷ್ಟು ಭಾಗ ಅಲ್ಲಿ, ಉಳಿದದ್ದು ಇಷ್ಟು ಎಂಬ ಮಾದರಿಯ ಸಮಸ್ಯೆಗಳು ವಿಪುಲವಾಗಿವೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರ ಗಣಿತದ ಮೂಲಕ ಇಂಥ ಲೆಕ್ಕಗಳನ್ನು ಕನ್ನಡಕ್ಕೆ ತಂದನು. ಶಾಸ್ತ್ರದಿಂದ ಜನಪದಕ್ಕೆ ಬಂದಿತೋ ಜನಪದದಿಂದ ಶಾಸ್ತ್ರಕ್ಕೆ ಹೋಯಿತೋ ಎಂಬ ಚರ್ಚೆಗಿಂತ, ಎರಡರ ನಡುವೆ ಕೊಡುಕೊಳೆ ಇತ್ತು ಎಂಬುದನ್ನು ಗುರುತಿಸುವುದು ಮುಖ್ಯ.

ಇಲ್ಲಿ ಬಾಯಿಲೆಕ್ಕದ ಮಿತಿಯನ್ನೂ ಹೇಳಬೇಕಾಗುತ್ತದೆ. ಒಂದು ಹಕ್ಕಿಯನ್ನು ಮೊದಲೇ ತೆಗೆದಿಡದಿದ್ದರೆ ನೂರರಲ್ಲಿ ಹನ್ನೊಂದು ಸರಿಯಾಗಿ ಹೋಗುವುದಿಲ್ಲ, ವಿಧಾನ ಮುರಿದುಬೀಳುತ್ತದೆ. ಏಕೆ ತೆಗೆಯಬೇಕೆಂದು ಕೇಳಿದರೆ, ಆ ಹಕ್ಕಿ ಹಿಂಡಿನದಲ್ಲ ಎಂಬ ಉತ್ತರ ಬರುತ್ತದೆ. ಉತ್ತರ ಸರಿಯಾದುದೇ. ಆದರೆ ಒಗಟು ಇನ್ನಷ್ಟು ತೊಡಕಾದಾಗ, ಉದಾಹರಣೆಗೆ ಎರಡು ಹಿಂಡುಗಳು ಬಂದು ಪರಸ್ಪರ ಹಕ್ಕಿಗಳನ್ನು ಬದಲಿಸಿಕೊಂಡಾಗ, ಬಾಯಿಲೆಕ್ಕ ಬೇಗ ದಣಿಯುತ್ತದೆ. ಅಲ್ಲಿ ಬೀಜಗಣಿತವೇ ನೆರವಿಗೆ ಬರಬೇಕು. ಆದ್ದರಿಂದ ಜನಪದ ಕ್ರಮವನ್ನು ಎತ್ತಿಹಿಡಿದು ಶಾಲೆಯ ಕ್ರಮವನ್ನು ಹೀಗಳೆಯುವುದು ಈ ಲೇಖನದ ಆಶಯವಲ್ಲ.

ಮನೆಯ ಲೆಕ್ಕ ಮತ್ತು ಶಾಲೆಯ ಲೆಕ್ಕ

ಊಹಿಸಿ ಉತ್ತರ ಕಂಡುಕೊಂಡ ಹುಡುಗನೊಬ್ಬ ತನ್ನ ವಹಿಯಲ್ಲಿ ಏನನ್ನೂ ಬರೆದಿರಲಿಲ್ಲ. ಕಾರಣ ಕೇಳಿದಾಗ, "ಅದು ಮನಿ ಲೆಕ್ಕರೀ, ಪರೀಕ್ಷೆದಾಗ ನಡಿಯಂಗಿಲ್ರಿ" ಎಂದ. ಆ ಮಾತಿನಲ್ಲಿ ದೂರಿರಲಿಲ್ಲ, ನಾಚಿಕೆಯಿತ್ತು. ಸರಿಯಾದ ಉತ್ತರ ಕೈಯಲ್ಲಿದ್ದೂ ಅದನ್ನು ಬಚ್ಚಿಡಬೇಕೆಂದು ಮಗು ಭಾವಿಸುವುದು ಈ ವಿಷಯದ ತಿರುಳು ಎಂದು ನನಗೆ ತೋರುತ್ತದೆ.

ಈ ಬಿರುಕು ಸಂಕೇಶ್ವರಕ್ಕೆ ಮಾತ್ರ ಸೀಮಿತವಾದುದಲ್ಲ. ಬ್ರೆಜಿಲ್ ದೇಶದ ರೆಸೀಫೆ ನಗರದ ಬೀದಿಗಳಲ್ಲಿ ವ್ಯಾಪಾರ ಮಾಡುವ ಐವರು ಮಕ್ಕಳನ್ನು ಕುರಿತು ತೆರೆಜಿನ್ಯಾ ಕಾರಾಹೆರ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾಗಿದೆ. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಆ ಮಕ್ಕಳು ಶೇಕಡಾ 98ರಷ್ಟನ್ನು ಸರಿಯಾಗಿ ಬಿಡಿಸಿದರು. ಬರಿಯ ಅಂಕಿಗಳ ರೂಪದಲ್ಲಿ ಬಂದಾಗ ಅದು ಶೇಕಡಾ 37ಕ್ಕೆ ಇಳಿಯಿತು. 35 ಕ್ರುಜೇರೊ ಬೆಲೆಯ ಹತ್ತು ತೆಂಗಿನಕಾಯಿಗೆ ಎಷ್ಟೆಂದು ಕೇಳಿದಾಗ ಒಬ್ಬ ಹುಡುಗ ಶಾಲೆಯಲ್ಲಿ ಕಲಿಸುವಂತೆ ಸೊನ್ನೆ ಸೇರಿಸದೆ, ಮೂರಕ್ಕೆ 105, ಇನ್ನು ಮೂರಕ್ಕೆ 210 ಎನ್ನುತ್ತ 315, 350 ಎಂದು ಮುಟ್ಟಿದ. 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳ ಮಕ್ಕಳನ್ನು ಕುರಿತು ಬರೆದ ಲೇಖನವು ಇದರ ಇನ್ನೊಂದು ಮುಖವನ್ನೂ ತೋರಿಸಿತು. ಮಾರುಕಟ್ಟೆಯ ಮಕ್ಕಳು ಪಠ್ಯದ ಲೆಕ್ಕದಲ್ಲಿ ಸೋತಂತೆ, ಪಠ್ಯದ ಲೆಕ್ಕ ಬಲ್ಲ ಶಾಲಾಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಸೋತರು.

ಅರ್ಥವನ್ನು ಬಿಟ್ಟು ಅಂಕಿಯನ್ನು ಹಿಡಿಯುವ ಅಭ್ಯಾಸಕ್ಕೆ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಸುಮಾರು 1980ರ ವೇಳೆಗೆ ನಡೆದ ಪ್ರಯೋಗ ಇನ್ನೂ ಸ್ಪಷ್ಟ ಸಾಕ್ಷಿ. ಹಡಗಿನಲ್ಲಿ 26 ಕುರಿ, 10 ಆಡುಗಳಿವೆ, ಹಡಗಿನ ನಾಯಕನ ವಯಸ್ಸೆಷ್ಟು ಎಂದು ಸಣ್ಣ ತರಗತಿಯ ಮಕ್ಕಳನ್ನು ಕೇಳಿದಾಗ ಬಹಳಷ್ಟು ಮಕ್ಕಳು ಎರಡನ್ನೂ ಕೂಡಿ 36 ಎಂದರು. ಹಕ್ಕಿಗಳ ಒಗಟಿನ ಉತ್ತರವೂ 36 ಆಗಿರುವುದು ಆಕಸ್ಮಿಕ. ಒಂದು 36ರ ಹಿಂದೆ ಹಿಂಡಿನ ಚಿತ್ರವಿದೆ, ಇನ್ನೊಂದರ ಹಿಂದೆ ಯಾವ ಚಿತ್ರವೂ ಇಲ್ಲ.

ಒಗಟಿನ ಪಾಠ

ಗಣಿತಜ್ಞ ಜಾರ್ಜ್ ಪೋಲ್ಯಾ 1945ರ ತಮ್ಮ ಕೃತಿಯಲ್ಲಿ ಸಮಸ್ಯೆ ಬಿಡಿಸುವಿಕೆಗೆ ನಾಲ್ಕು ಹಂತಗಳನ್ನು ಹೇಳಿದ್ದಾರೆ: ಸಮಸ್ಯೆಯನ್ನು ಅರಿಯುವುದು, ದಾರಿ ಯೋಚಿಸುವುದು, ಅದನ್ನು ನಡೆಸುವುದು, ತಿರುಗಿ ನೋಡುವುದು. ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮೊದಲ ಮತ್ತು ಕೊನೆಯ ಹಂತಗಳನ್ನು ಬಿಟ್ಟು ನಡುವಿನಿಂದ ಆರಂಭಿಸುತ್ತಾರೆ. ಇದು ಯಾವ ಜಾತಿಯ ಲೆಕ್ಕ ಎಂಬುದೇ ಅವರ ಮೊದಲ ಪ್ರಶ್ನೆ. ಒಗಟು ಹಾಗೆ ಆರಂಭಿಸಲು ಬಿಡುವುದಿಲ್ಲ. ಅದಕ್ಕೆ ಅಧ್ಯಾಯದ ತಲೆಬರಹವಿಲ್ಲ, ಬಳಸಬೇಕಾದ ಸೂತ್ರದ ಸುಳಿವಿಲ್ಲ. ಇಲ್ಲಿ ನಡೆಯುತ್ತಿರುವುದೇನು ಎಂದು ಕೇಳಿಕೊಳ್ಳದೆ ಗತ್ಯಂತರವಿಲ್ಲ. ಉತ್ತರ ಹೇಳಿದ ಮೇಲೂ ಎದುರಿಗಿದ್ದವರು ಕೂಡಿಸಿ ತೋರಿಸು ಎನ್ನುವುದರಿಂದ ತಿರುಗಿ ನೋಡುವುದೂ ತಪ್ಪುವುದಿಲ್ಲ.

ತರಗತಿಯಲ್ಲಿ ಇದನ್ನು ಬಳಸಿಕೊಳ್ಳುವುದು ಕಷ್ಟವೇನಲ್ಲ. ಸಮೀಕರಣವನ್ನು ಕಲಿಸುವ ಮೊದಲು ಒಗಟನ್ನು ಹೇಳಿ, ಮಕ್ಕಳು ತಮ್ಮ ದಾರಿಯನ್ನು ತಮ್ಮ ಮಾತಿನಲ್ಲಿಯೇ ವಿವರಿಸಲು ಬಿಡಬಹುದು. ಬಳಿಕ ಅದೇ ಒಗಟನ್ನು ಎಕ್ಸ್ ಬಳಸಿ ಬರೆದರೆ, ಅಜ್ಜಿ ತೆಗೆದಿಟ್ಟ ಒಂದು ಹಕ್ಕಿ ಮತ್ತು ಸಮೀಕರಣದ ಎರಡೂ ಬದಿಯಿಂದ ಕಳೆಯುವ ಒಂದು ಬೇರೆಯಲ್ಲವೆಂಬುದು ಮಕ್ಕಳಿಗೆ ಕಾಣುತ್ತದೆ. ಎಕ್ಸ್ ಎಂದರೆ ಅಜ್ಜಿಯ ನಾಲ್ಕು ಹಕ್ಕಿಗಳಂತೆಯೇ ಒಂದು ಭಾವನೆ, ಅದನ್ನು ಬರೆಯುವ ಕ್ರಮ ಮಾತ್ರ ಹೊಸದು ಎಂದು ತಿಳಿದಾಗ ಅದರ ಭಯ ಅರ್ಧ ಕಡಿಮೆಯಾಗುತ್ತದೆ.

ಜಾನಪದ ಸಂಶೋಧಕರ ಹೊಣೆಯೂ ಇಲ್ಲಿದೆ. ಪಾವಕಿ, ದೀಡಕಿಗಳನ್ನು ಬಾಯಿಪಾಠ ಹೇಳಬಲ್ಲ ತಲೆಮಾರು ಈಗ ಎಪ್ಪತ್ತು ದಾಟಿದೆ. ಅವರಿಂದ ಒಗಟುಗಳನ್ನು ಪಡೆಯುವಾಗ ಉತ್ತರಕ್ಕೆ ತೃಪ್ತರಾಗದೆ, ಬಿಡಿಸಿದ ಬಗೆಯನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಬೇಕಾಗಿದೆ. ಮನೆಯ ಲೆಕ್ಕವೂ ಲೆಕ್ಕವೇ ಎಂಬ ಮಾತು ಮಕ್ಕಳಿಗೆ ಮನವರಿಕೆಯಾಗಬೇಕಾದರೆ, ಮೊದಲು ಅದು ನಮ್ಮ ಬರಹದಲ್ಲಿ ಜಾಗ ಪಡೆಯಬೇಕು.